ಫಿಜಿ ದ್ವೀಪದಲ್ಲಿ ಸಂಸಾರ ಹೂಡಿದವರು

ಐದಾರು ವರ್ಷಗಳ ಹಿಂದಿನ ಮಾತು. ದಿಲ್ಲಿಯ ನಮ್ಮ ಕಚೇರಿಯಲ್ಲಿ ಊಟದ ಬಿಡುವು. ಬುತ್ತಿ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅರವತ್ತು ದಾಟಿದ ಗೃಹಸ್ಥರೊಬ್ಬರು ಪತ್ನೀಸಮೇತರಾಗಿ ನನ್ನ ಮೇಜಿನೆದುರು ನಿಂತಿದ್ದರು. ಬೇರೆ ಯಾವುದೋ ಇಲಾಖೆಗೆ ಹೋಗಬೇಕಾದವರು ದಾರಿ ತಪ್ಪಿ ನಮ್ಮಲ್ಲಿಗೆ ಬಂದಿದ್ದರು. ಹೆಸರು ಅಪ್ಪಟ ದಕ್ಷಿಣದ್ದು. ಮಾತು ಮಾತ್ರ ಗೋರಖಪುರ, ಛಪ್ರಾ ಕಡೆಯ ಹಿಂದಿಯಂತೆ, ಆದರೆ ಅದೂ ಪೂರ್ತಿ ಅಲ್ಲ. ನನ್ನ ಹಿಂದಿಯ ಉಚ್ಚಾರಣೆ ಕೇಳಿದ ಆತ ನಕ್ಕು, ತಾವೂ 'ಮದ್ರಾಜಿ'ಯೇ ಎಂದು ವಿಚಾರಿಸಿದರು. ದಿಲ್ಲಿಗೆ ಬಂದ ಕನ್ನಡಿಗರೆಲ್ಲರೂ ಕೇಳಿಸಿಕೊಂಡ ಪ್ರಶ್ನೆಯೇ ಇದು. ಅಲ್ಲ, ಕನ್ನಡದವನು ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಏಕೆಂದರೆ ಆತ ಅದನ್ನು ಕೇಳಿದ್ದು, ನಮ್ಮೂರಿನವರೇ ಸಿಕ್ಕರೆಂಬ ಸಂತೋಷದಿಂದ.

ಅವರು ಫಿಜಿಯ ಲೌಟೋಕ ಎಂಬ ಪಟ್ಟಣದವರು. ಅಜ್ಜ 1900ರ ದಶಕದಲ್ಲಿ ಮದರಾಸಿನಿಂದ ಹಡಗು ಹತ್ತಿದವರಂತೆ. ಕೈಯಲ್ಲಿ ಒಂದು ಕಾಗದದ ನೆರಳಚ್ಚು ಪ್ರತಿ. ಅಜ್ಜನ 'ಎಮಿಗ್ರೇಷನ್ ಪಾಸ್'. ಅದರಲ್ಲಿದ್ದ ಊರಿನ ಹೆಸರನ್ನು ಯಾರಾದರೂ ಓದಿ ಹೇಳಬಹುದೇ ಎಂಬುದೇ ಅವರ ಕೆಲಸ.

ನಾನು ಬಿ.ಎಸ್ಸಿ. ಓದಿದವನಾದರೂ ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವುದು ನಮೂನೆ ತುಂಬುವ, ತುಂಬಿದ ನಮೂನೆಯನ್ನು ತಿದ್ದುವ ಕೆಲಸ. ಆದುದರಿಂದ ಆ ಕಾಗದವನ್ನು ನೋಡಿದಾಗ ಮೊದಲು ಹುಟ್ಟಿದ್ದು ಒಂದು ಬಗೆಯ ಕಸುಬಿನ ಕುತೂಹಲ. ಎಷ್ಟು ಅಚ್ಚುಕಟ್ಟಾದ ನಮೂನೆ! ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ ಅಥವಾ ತಾಲ್ಲೂಕು, ಗ್ರಾಮ, ಹತ್ತಿರದ ಬಂಧುವಿನ ಹೆಸರು, ಎತ್ತರ ಎಷ್ಟು ಅಡಿ ಎಷ್ಟು ಅಂಗುಲ, ಮೈಮೇಲಿನ ಗುರುತು. ಹಣೆಯಲ್ಲಿ ಗಾಯದ ಕಲೆ, ಎಡ ಮೊಣಕಾಲಿನ ಮೇಲೆ ಮಚ್ಚೆ ಎಂಬುದನ್ನೂ ಬಿಟ್ಟಿಲ್ಲ. ಕೆಳಗೆ ವೈದ್ಯರ ರುಜು, ಅಧಿಕಾರಿಗಳ ರುಜು. ಆ ದಿನ ನನಗೆ ಹೊಳೆಯಲಿಲ್ಲ, ಮನೆಗೆ ಹೋದ ಮೇಲೆ ಹೊಳೆಯಿತು: ಇಷ್ಟೆಲ್ಲ ಕಲಮುಗಳ ನಡುವೆ ಈ ಮನುಷ್ಯ ಯಾವ ಭಾಷೆ ಆಡುತ್ತಾನೆ ಎಂಬುದಕ್ಕೆ ಒಂದು ಕಲಮು ಇರಲಿಲ್ಲ.

ಆ ದಂಪತಿಗಳ ಮಾತು ಕೊನೆಗೆ ಹೇಳುತ್ತೇನೆ. ಅವರು ಹೋದ ಮೇಲೆ ಈ ವಿಷಯದ ಪುಸ್ತಕಗಳನ್ನು ಹುಡುಕಿ ಓದುವ ಹುಚ್ಚು ಹಿಡಿಯಿತು. ನಮ್ಮಂತೆ ಊರು ಬಿಟ್ಟು ಬಂದು ಬಾಡಿಗೆ ಮನೆಯಲ್ಲೋ ಸರ್ಕಾರಿ ವಸತಿಯಲ್ಲೋ ಸಂಸಾರ ಹೂಡಿದ ಓದುಗರಿಗೆ ಅದರ ಸಾರಾಂಶವನ್ನಾದರೂ ತಿಳಿಸಬೇಕೆಂಬ ಆಸೆಯಿಂದ ಈ ಲೇಖನ.

ಫಿಜಿ ಎಂದರೆ ಆಸ್ಟ್ರೇಲಿಯಾದಿಂದ ಪೂರ್ವಕ್ಕೆ ಶಾಂತಸಾಗರದಲ್ಲಿರುವ ಮುನ್ನೂರಕ್ಕೂ ಹೆಚ್ಚು ನಡುಗಡ್ಡೆಗಳ ಗುಂಪು. ದೊಡ್ಡವು ಎರಡು: ವಿತಿ ಲೇವು ಮತ್ತು ವನುವಾ ಲೇವು. ಅಲ್ಲಿಯ ಮುಖ್ಯಸ್ಥರು 1874ರ ಅಕ್ಟೋಬರ್ 10ರಂದು ದ್ವೀಪಗಳನ್ನು ಬ್ರಿಟಿಷ್ ರಾಣಿಗೆ ಒಪ್ಪಿಸಿದರು. ಮರುವರ್ಷವೇ ಒಂದು ಘೋರ ವಿಪತ್ತು. ಸಿಡ್ನಿಗೆ ಹೋಗಿ ಬಂದ ರಾಜ ಥಾಕೊಂಬಾವುವಿನ ಪರಿವಾರದ ಜೊತೆ ದಡಾರ ದ್ವೀಪಕ್ಕೆ ಬಂದಿಳಿಯಿತು. ಹಿಂದೆಂದೂ ಆ ರೋಗವನ್ನು ಕಾಣದಿದ್ದ ಜನರ ಮೈಯಲ್ಲಿ ಅದನ್ನೆದುರಿಸುವ ಶಕ್ತಿ ಇರಲಿಲ್ಲ. ನಮ್ಮಲ್ಲಿ ಮಕ್ಕಳಿಗೆ ಬಂದು ಹೋಗುವ ಅಮ್ಮನಿಗೆ ಅಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಜನ ಬಲಿಯಾದರು. ಇಂತಹ ಸಮಯದಲ್ಲಿ ಗವರ್ನರಾಗಿ ಬಂದ ಸರ್ ಆರ್ಥರ್ ಗಾರ್ಡನ್, ಅಳಿದುಳಿದ ಫಿಜಿಯನ್ನರನ್ನು ಅವರ ಹಳ್ಳಿಯಿಂದ ಕೀಳಬಾರದು, ಅವರ ಭೂಮಿ ಪರರ ಪಾಲಾಗಬಾರದು ಎಂದು ನಿಶ್ಚಯಿಸಿದ. ಆದರೆ ವಸಾಹತು ನಡೆಯಲು ಹಣ ಬೇಕು, ಹಣಕ್ಕೆ ಕಬ್ಬು, ಕಬ್ಬಿಗೆ ಕೈಗಳು. ಆತ ಮೊದಲು ಟ್ರಿನಿಡಾಡ್ ಮತ್ತು ಮಾರಿಷಸ್‌ಗಳಲ್ಲಿ ಗವರ್ನರಾಗಿದ್ದವನು. ಭಾರತದ ಕೂಲಿಗಳ ವಿಚಾರ ಚೆನ್ನಾಗಿ ಬಲ್ಲವನು. ಒಬ್ಬರ ಮೇಲಿನ ಕರುಣೆಗೆ ಮತ್ತೊಬ್ಬರು ಬೆಲೆ ತೆತ್ತ ಕಥೆ ಹೀಗೆ ಶುರುವಾಯಿತು.

1879ರ ಮೇ 14ರಂದು 'ಲಿಯೋನಿಡಾಸ್' ಎಂಬ ಹಡಗು ಕಲ್ಕತ್ತೆಯಿಂದ 463 ಮಂದಿಯನ್ನು ಹೊತ್ತು ಲೆವುಕ ಬಂದರಿಗೆ ಬಂತು. ದಾರಿಯಲ್ಲಿ ಕಾಲರಾ, ಸಿಡುಬು. ದಡಾರದ ನೆನಪು ಇನ್ನೂ ಹಸಿಯಾಗಿದ್ದ ಊರಿನವರು ಹಡಗನ್ನು ಹತ್ತಿರ ಸೇರಿಸಲಿಲ್ಲ. ಬಂದವರನ್ನು ಪಕ್ಕದ ಸಣ್ಣ ದ್ವೀಪದಲ್ಲಿ ಬಹಳ ದಿನ ಪ್ರತ್ಯೇಕವಾಗಿಟ್ಟರು. ಅಂದಿನಿಂದ 1916ರವರೆಗೆ ಒಟ್ಟು 87 ಪ್ರಯಾಣಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಸುಮಾರು ನಲವತ್ತೈದು ಸಾವಿರ ಮಂದಿ ಕಲ್ಕತ್ತೆಯ ಬಂದರಿನಿಂದ, 1903ರಿಂದ ಈಚೆಗೆ ಹದಿನೈದು ಸಾವಿರ ಮಂದಿ ಮದರಾಸಿನಿಂದ. ಆಗ ನಮ್ಮ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತಕ್ಕೇ ಸೇರಿದ್ದವು. ಆದರೆ ಹಡಗು ಹತ್ತಿದ ಹೆಚ್ಚಿನವರು ತಮಿಳರು, ತೆಲುಗರು, ಮಲಯಾಳಿಗಳು. ಅಲ್ಲಿ ಇಳಿದ ಮೇಲೆ ಎಲ್ಲರಿಗೂ ಒಂದೇ ಹೆಸರು, 'ಮದ್ರಾಜಿ'.

ಅವರು ಸಹಿ ಮಾಡಿದ, ಅಂದರೆ ಹೆಬ್ಬೆಟ್ಟು ಒತ್ತಿದ, ಕರಾರಿಗೆ ಇಂಗ್ಲಿಷಿನಲ್ಲಿ ಅಗ್ರಿಮೆಂಟ್. ಅದು ಬಾಯಿಂದ ಬಾಯಿಗೆ ಬಂದು 'ಗಿರ್ಮಿಟ್' ಆಯಿತು, ಕರಾರಿಗೆ ಒಳಪಟ್ಟವರು 'ಗಿರ್ಮಿಟಿಯಾ'ಗಳಾದರು. ಧಾರವಾಡದ ಕಡೆಯ ಓದುಗರಿಗೆ ಮಂಡಕ್ಕಿ, ಉಳ್ಳಾಗಡ್ಡಿ ನೆನಪಾದರೆ ತಪ್ಪಿಲ್ಲ, ನನಗೂ ಮೊದಲು ಅದೇ ನೆನಪಾಯಿತು! ಕರಾರು ಐದು ವರ್ಷದ್ದು. ವಾರಕ್ಕೆ ಐದೂವರೆ ದಿನ ಕೆಲಸ. ಒಪ್ಪಿಸಿದಷ್ಟು ಕೆಲಸ ಪೂರ್ತಿ ಮಾಡಿದರೆ ಗಂಡಸಿಗೆ ದಿನಕ್ಕೆ ಒಂದು ಷಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್. ಮುಗಿಸದಿದ್ದರೆ ಕೂಲಿ ಇಲ್ಲ. ಮಾತ್ರವಲ್ಲ, ನ್ಯಾಯಾಲಯಕ್ಕೆ ಎಳೆದು ದಂಡವನ್ನೂ ಹಾಕಿಸಬಹುದಿತ್ತು. ಹತ್ತು ವರ್ಷ ಅಲ್ಲಿ ಕಳೆದವರಿಗೆ ಸರ್ಕಾರದ ಖರ್ಚಿನಲ್ಲಿ ಊರಿಗೆ ಮರಳುವ ಹಕ್ಕು. ಊರಿನಲ್ಲಿ ಜನ ಹಿಡಿಯುತ್ತಿದ್ದ 'ಅರ್ಕಾಟಿ'ಗಳು ಈ ಷಿಲಿಂಗನ್ನು ದೊಡ್ಡದು ಮಾಡಿ ಹೇಳುತ್ತಿದ್ದರೇ ವಿನಾ ಫಿಜಿ ಎಷ್ಟು ದೂರ ಎಂಬುದನ್ನು ಹೇಳುತ್ತಿರಲಿಲ್ಲ. ಕಲ್ಕತ್ತೆಯ ಆಚೆ ಎಲ್ಲೋ ಎಂದು ನಂಬಿ ಹೊರಟವರಿಗೆ ಹಾಯಿಹಡಗಿನಲ್ಲಿ ಎರಡು ತಿಂಗಳಿಗೂ ಮೀರಿದ ಸಮುದ್ರ ಕಾದಿತ್ತು. ಒಂದೇ ಹಡಗಿನಲ್ಲಿ ಉಂಡು ಮಲಗಿ ಬಂದವರು ಒಬ್ಬರಿಗೊಬ್ಬರು 'ಜಹಾಜಿ ಭಾಯಿ'ಗಳಾದರು. ರಕ್ತಸಂಬಂಧ ಕಡಿದುಹೋದ ಕಡೆ ಇದೇ ದಾಯಾದಿ ಸಂಬಂಧವೆನಿಸಿ, ಜಹಾಜಿ ಭಾಯಿಗಳ ಮಕ್ಕಳು ತಮ್ಮೊಳಗೆ ಮದುವೆಯಾಗುವುದಕ್ಕೂ ಹಿಂಜರಿಯುತ್ತಿದ್ದರಂತೆ.

ಈಗ ಮನೆಯ ವಿಚಾರಕ್ಕೆ ಬರೋಣ. ಕೆಲಸಕ್ಕಿಟ್ಟುಕೊಂಡ ಮುಖ್ಯ ಧಣಿ ಸಿಡ್ನಿಯ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ. ನೌಸೋರಿಯಲ್ಲಿ 1882ರಲ್ಲಿ, ಬಾ ಎಂಬಲ್ಲಿ 1886ರಲ್ಲಿ, ಲಂಬಾಸದಲ್ಲಿ 1894ರಲ್ಲಿ, ಲೌಟೋಕದಲ್ಲಿ 1903ರಲ್ಲಿ ಅದರ ಗಿರಣಿಗಳು ಎದ್ದವು. ಕೂಲಿಗಳ ವಸತಿಗೆ 'ಲೈನು'ಗಳು. ಉದ್ದನೆಯ ಮರದ ಕೊಟ್ಟಿಗೆ, ಅದರಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಸಾಲು ಸಾಲು ಕೋಣೆಗಳು. ಒಂದೊಂದು ಕೋಣೆ ಹತ್ತಡಿ ಉದ್ದ, ಏಳಡಿ ಅಗಲ. ಅದರಲ್ಲಿ ಒಂಟಿ ಗಂಡಸರಾದರೆ ಮೂವರು; ಸಂಸಾರವಂದಿಗರಾದರೆ ಗಂಡ, ಹೆಂಡತಿ, ಮಕ್ಕಳು. ಅಡಿಗೆ ಅದರೊಳಗೇ, ಸೌದೆ ಅದರೊಳಗೇ, ಗುದ್ದಲಿ ಅದರೊಳಗೇ. ಕೋಣೆ ಕೋಣೆಯ ನಡುವಿನ ಗೋಡೆ ಸೂರಿನವರೆಗೆ ಹೋಗುತ್ತಿರಲಿಲ್ಲ, ಮೇಲೆ ತಂತಿಯ ಜಾಲರಿ. ಒಂದು ಕೋಣೆಯ ಪಿಸುಮಾತು, ಹೊಗೆ, ಜಗಳ, ಮಗುವಿನ ಅಳು ಎಲ್ಲವೂ ಸಾಲಿಗೆಲ್ಲ ಹಂಚಿಕೆ.

ಹತ್ತಡಿ, ಏಳಡಿ ಎಂದರೆ ಎಷ್ಟೆಂದು ಓದಿದಾಗ ಅಂದಾಜಾಗಲಿಲ್ಲ. ಒಂದು ಭಾನುವಾರ ಟೇಪು ಹಿಡಿದು ನಮ್ಮ ಸರ್ಕಾರಿ ವಸತಿಯನ್ನು ಅಳೆಯತೊಡಗಿದೆ. ಈ ವಸತಿ ಇಕ್ಕಟ್ಟು ಎಂದು ಹದಿನೈದು ವರ್ಷದಿಂದ ಗೊಣಗುತ್ತಿರುವವನು ನಾನೇ. ಲೈನಿನ ಕೋಣೆ ನಮ್ಮ ಅಡಿಗೆಮನೆಗೆ ಹೆಚ್ಚು ಕಡಿಮೆ ಸರಿಹೋಯಿತು. "ಇಲ್ಲಿ ಐದು ವರ್ಷ ನಾಲ್ಕು ಜನ ಇರಬೇಕು ಅಂದರೆ ಏನು ಮಾಡ್ತೀ?" ಎಂದು ಮನೆಯವಳನ್ನು ಕೇಳಿದೆ. "ಮೊದಲು ನಿಮ್ಮ ಪೇಪರ್ ರಾಶಿಯನ್ನು ಹೊರಗೆ ಹಾಕ್ತೀನಿ" ಎಂದಳು.

ಆ ಜನ ಲೈನುಗಳಿಗೆ ಇಟ್ಟ ಹೆಸರು 'ನರಕ'. ಓವರ್‌ಸೀಯರನಿಗೆ 'ಕುಲಂಬರ್'. ಬೆಳಗಿನ ಜಾವ ನಂಬರು ಕೂಗಿ ಕೆಲಸಕ್ಕೆ ಎಬ್ಬಿಸುತ್ತಿದ್ದುದರಿಂದ 'ಕಾಲ್ ನಂಬರ್' ಎಂಬುದೇ ಹಾಗಾಯಿತೆಂದು ಹೇಳುತ್ತಾರೆ. ಆತ್ಮಹತ್ಯೆಗಳು ಎಷ್ಟಿದ್ದವೆಂದರೆ, ಭಾರತೀಯ ಕೂಲಿಗಳು ಹೋದ ವಸಾಹತುಗಳಲ್ಲೆಲ್ಲ ಫಿಜಿಯೇ ಅದರಲ್ಲಿ ಕುಖ್ಯಾತವಾಯಿತು.

ಇಂಥಲ್ಲಿ ಸಂಸಾರ ಎಂಬುದು ಹುಟ್ಟಿದ್ದಾದರೂ ಹೇಗೆ? ಕಾಯಿದೆಯ ಪ್ರಕಾರ ನೂರು ಗಂಡಸರಿಗೆ ನಲವತ್ತು ಹೆಂಗಸರನ್ನು ಕಳುಹಿಸಬೇಕಿತ್ತು. ಅಷ್ಟು ಮಂದಿಯನ್ನು ಹೊಂದಿಸುವುದೇ ಏಜೆಂಟರಿಗೆ ಕಷ್ಟ. ಬಂದ ಹೆಂಗಸರ ಬಗ್ಗೆ ಅಂದಿನ ಬಿಳಿಯ ಅಧಿಕಾರಿಗಳೂ, ನಮ್ಮ ಕೆಲವು ದೇಶಭಕ್ತರೂ ಬರೆದದ್ದು ಓದಿದರೆ ಬೇಸರವಾಗುತ್ತದೆ: ನಡತೆಗೆಟ್ಟವರು ಎಂದು ಎರಡೇ ಮಾತಿನಲ್ಲಿ ತೀರ್ಪು. ಫಿಜಿಯಲ್ಲೇ ಹುಟ್ಟಿದ, ಗಿರ್ಮಿಟಿಯಾ ಒಬ್ಬನ ಮೊಮ್ಮಗನಾದ ಇತಿಹಾಸಕಾರ ಬ್ರಿಜ್ ಲಾಲ್ ಅವರು ಕಲ್ಕತ್ತೆಯಿಂದ ಹೋದ ನಲವತ್ತೈದು ಸಾವಿರ ಪಾಸುಗಳನ್ನೂ ಒಂದೊಂದಾಗಿ ಪರಿಶೀಲಿಸಿ 1983ರಲ್ಲಿ 'ಗಿರ್ಮಿಟಿಯಾಸ್' ಎಂಬ ಗ್ರಂಥ ಪ್ರಕಟಿಸಿದರು. ನಾನು ಮೇಲೆ ಹೇಳಿದ ಆ ನಮೂನೆಗಳಿಂದಲೇ ಒಂದು ಜನಾಂಗದ ಚರಿತ್ರೆ ಎದ್ದುಬಂತು. ಹೋದವರು ಒಂದೇ ಕೀಳುಜಾತಿಯ ಕಸಕಡ್ಡಿ ಎಂಬ ಮಾತು ಸುಳ್ಳು. ಊರಿನಲ್ಲಿ ಇರುವ ಎಲ್ಲ ಜಾತಿಯವರೂ ಹಡಗಿನಲ್ಲಿದ್ದರು. ಹೆಂಗಸರಲ್ಲಿ ಸುಮಾರು ಮೂರನೆಯ ಎರಡು ಪಾಲು ಒಂಟಿಯಾಗಿ ಹೆಸರು ಬರೆಸಿದವರು: ವಿಧವೆಯರು, ಗಂಡ ಬಿಟ್ಟವರು, ಬರದಿಂದ ಓಡಿಬಂದವರು, ಮೊದಲೇ ಊರು ಬಿಟ್ಟು ಪಟ್ಟಣದಲ್ಲಿ ಕೂಲಿ ಹುಡುಕುತ್ತಿದ್ದವರು. ಅಂದರೆ ಅವರೂ ನಮ್ಮ ನಿಮ್ಮಂತೆ ಹೊಟ್ಟೆಪಾಡಿಗೆ ಹೊರಟವರು. ಕಲ್ಕತ್ತೆಯ ಡಿಪೋದಲ್ಲೋ ಹಡಗಿನಲ್ಲೋ ಪರಿಚಯವಾಗಿ ಜೊತೆಯಾದವರೂ ಉಂಟು. ಸಪ್ತಪದಿಗೆ ಸರ್ಕಾರ ಬೆಲೆ ಕೊಡುತ್ತಿರಲಿಲ್ಲ. ದಫ್ತರಿನಲ್ಲಿ ನೋಂದಾಯಿಸಿದರೆ ಮಾತ್ರ ಮದುವೆ.

ಹೆಂಗಸಿಗೆ ಹೊಲದ ಕೆಲಸದ ಜೊತೆ ಮನೆಯ ಕೆಲಸ, ಬಸಿರು, ಬಾಣಂತನ. ಅದರ ಮೇಲೆ ಓವರ್‌ಸೀಯರ್, ಸರ್ದಾರರ ಕಣ್ಣು. 1913ರ ಏಪ್ರಿಲಿನಲ್ಲಿ ರೇವಾ ಪ್ರದೇಶದ ತೋಟದಲ್ಲಿ ಕುಂತಿ ಎಂಬಾಕೆಯನ್ನು ಒಂಟಿಯಾಗಿ ದೂರದ ಬಾಳೆಯ ತೋಟಕ್ಕೆ ಕಳೆ ಕೀಳಲು ಕಳುಹಿಸಿದರು. ಓವರ್‌ಸೀಯರ್ ಅಲ್ಲಿಗೆ ಬಂದು ಕೈ ಹಿಡಿದಾಗ ಆಕೆ ಬಿಡಿಸಿಕೊಂಡು ಓಡಿ ಹೊಳೆಗೆ ಹಾರಿದಳು. ಹತ್ತಿರದಲ್ಲಿ ದೋಣಿಯಲ್ಲಿದ್ದ ಜಗದೇವ ಎಂಬ ಹುಡುಗ ಎಳೆದು ಉಳಿಸಿದ. ಈ ಸುದ್ದಿ ಕಲ್ಕತ್ತೆಯ 'ಭಾರತ ಮಿತ್ರ' ಪತ್ರಿಕೆಯಲ್ಲಿ ಅಚ್ಚಾಗಿ, ಊರೂರಿನಲ್ಲಿ ಜನರ ರಕ್ತ ಕುದಿಯಿತು. ಮರುವರ್ಷ, ಇಪ್ಪತ್ತೊಂದು ವರ್ಷ ಫಿಜಿಯಲ್ಲಿ ಕಳೆದು ಮರಳಿದ ತೋತಾರಾಮ್ ಸನಾಢ್ಯರ ಅನುಭವ ಬನಾರಸೀದಾಸ್ ಚತುರ್ವೇದಿಯವರ ಲೇಖನಿಯಿಂದ ಹಿಂದಿಯಲ್ಲಿ ಪುಸ್ತಕವಾಯಿತು. 1915ರಲ್ಲಿ ದೀನಬಂಧು ಆಂಡ್ರೂಸ್ ಅವರು ಪಿಯರ್ಸನ್ನರೊಡನೆ ಫಿಜಿಗೆ ಹೋಗಿ ಕಣ್ಣಾರೆ ಕಂಡು ವರದಿ ಬರೆದರು. 1916ರ ಮಾರ್ಚಿನಲ್ಲಿ ಮದನ ಮೋಹನ ಮಾಳವೀಯರು ಶಾಸನಸಭೆಯಲ್ಲಿ ಈ ಪದ್ಧತಿಯನ್ನು ತೆಗೆದುಹಾಕಬೇಕೆಂಬ ಗೊತ್ತುವಳಿ ತಂದರು, ವೈಸರಾಯ್ ಹಾರ್ಡಿಂಜ್ ಒಪ್ಪಿದರು. ಮರುವರ್ಷ ಜನ ಸೇರಿಸುವುದು ನಿಂತಿತು. ಉಳಿದಿದ್ದ ಕರಾರುಗಳೆಲ್ಲ 1920ರ ಜನವರಿ 1ರಂದು ರದ್ದಾದವು.

ಗಿರ್ಮಿಟ್ ಮುಗಿದ ಮೇಲೆ ಹೆಚ್ಚು ಕಡಿಮೆ ಐದರಲ್ಲಿ ಎರಡು ಪಾಲು ಜನ ಭಾರತಕ್ಕೆ ಮರಳಿದರು. ಮೂರು ಪಾಲು ಅಲ್ಲೇ ಉಳಿದರು. ಉಳಿದವರು ಮೂರ್ಖರೆಂದು ತಿಳಿಯಬಾರದು. 1920-21ರಲ್ಲಿ ಬಂದಿಳಿದವರ ಪಾಡು ಕಲ್ಕತ್ತೆಯ ಮಟಿಯಾಬುರ್ಜಿನಲ್ಲಿ ಎಲ್ಲರ ಕಣ್ಣಿಗೆ ಬಿತ್ತು. ಹಳ್ಳಿಗೆ ಹೋದರೆ ಜಾತಿಯವರು ಪಂಕ್ತಿಗೆ ಸೇರಿಸಲಿಲ್ಲ, ಅಲ್ಲಿ ಹುಟ್ಟಿದ ಹೆಂಡತಿ ಮಕ್ಕಳನ್ನು ಯಾರೂ ತಮ್ಮವರೆನ್ನಲಿಲ್ಲ. ತಂದ ನಾಲ್ಕು ಕಾಸು ಪ್ರಾಯಶ್ಚಿತ್ತದ ಊಟಕ್ಕೆ ಕರಗಿತು. ಅವರಲ್ಲಿ ಬಹಳ ಮಂದಿ ಹಿಂದಕ್ಕೆ ಬಂದರಿಗೇ ಬಂದು, ಮತ್ತೆ ಫಿಜಿಗೆ ಕಳುಹಿಸಿರೆಂದು ಗೋಗರೆಯುತ್ತ ಕೊಳಚೆಯಲ್ಲಿ ಬಿದ್ದಿದ್ದರು. ಯಾವುದನ್ನು ನರಕವೆಂದಿದ್ದರೋ ಅದೇ ಈಗ ಊರಾಗಿತ್ತು.

ಊರಾಯಿತು ಹೇಗೆ ಎಂಬುದೇ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ರುಚಿಸಿದ ಭಾಗ. ಕಂಪನಿ 1920ರ ಮುಷ್ಕರಗಳಾದ ಮೇಲೆ ತನ್ನ ತೋಟಗಳನ್ನು ಸುಮಾರು ಹತ್ತು ಹತ್ತು ಎಕರೆಯಾಗಿ ತುಂಡು ಮಾಡಿ ಭಾರತೀಯರಿಗೆ ಗೇಣಿಗೆ ಕೊಟ್ಟಿತು. ಇತರರು ಫಿಜಿಯನ್ ಕುಲದವರಿಂದ ಭೂಮಿ ಗುತ್ತಿಗೆ ಹಿಡಿದರು. ಜೊಂಡಿನ ಗೋಡೆ, ಹುಲ್ಲಿನ ಸೂರು, ಸಗಣಿ ಸಾರಿಸಿದ ನೆಲ. ಎರಡನೆಯ ತಲೆಮಾರಿಗೆ ತಗಡಿನ ಮಾಡು. ಅಂಗಳದಲ್ಲಿ ಮಾವು, ಹುಣಿಸೆ, ಹಲಸು, ಕರಿಬೇವು. ಹಿತ್ತಲಲ್ಲಿ ಹಸು. ಗದ್ದೆಗಳಲ್ಲಿ ಬತ್ತ, ದಿಣ್ಣೆಯ ಮೇಲೆ ತೊಗರಿ. ಹುಲಿಯ ಭಯವಿಲ್ಲ, ನಾಗರಹಾವಿನ ಭಯವಿಲ್ಲ. ಇನ್ನೊಂದು ದೊಡ್ಡ ಪುಣ್ಯವೆಂದರೆ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಫಿಜಿಯಲ್ಲಿ ಇಲ್ಲವೇ ಇಲ್ಲ. ಉಷ್ಣವಲಯದ ತೋಟಗಳಿಗೆ ಹೋದ ನಮ್ಮ ಜನ ಮಲಯದಲ್ಲಿ ಚಳಿಜ್ವರಕ್ಕೆ ಸಾಲಾಗಿ ಬಿದ್ದುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆದರೆ ನವೆಂಬರಿನಿಂದ ಏಪ್ರಿಲಿನವರೆಗೆ ಚಂಡಮಾರುತದ ಕಾಟ. 1931ರ ಫೆಬ್ರವರಿಯ ಬಿರುಗಾಳಿ ಮತ್ತು ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು.

ತಿನ್ನುವುದರಲ್ಲಿ ನೆಲದವರಿಂದ ಕಲಿತರು. ಮರಗೆಣಸು, ಹಲಸಿನಂಥ ದೀವಿ, ಅವರು 'ದಾಲೊ' ಎನ್ನುವ ಕೆಸುವಿನ ಗೆಡ್ಡೆ. ಈ ದಾಲೊ ಎಲೆಗೆ ಹಿಟ್ಟು ಮಸಾಲೆ ಬಳಿದು ಸುರುಳಿ ಸುತ್ತಿ ಬೇಯಿಸಿ ಕರಿದರೆ ಅಲ್ಲಿ 'ಸೈನಾ'. ಮಲೆನಾಡು, ಕರಾವಳಿಯ ಓದುಗರು ಈಗ ಏನು ಹೇಳುತ್ತಾರೆಂದು ನನಗೆ ಗೊತ್ತು. ಹೌದು, ಅದು ಪತ್ರೊಡೆಯ ಒಡಹುಟ್ಟು. ನಮ್ಮ ತೀರ್ಥಹಳ್ಳಿಯ ಕಡೆ ಮಳೆಗಾಲದಲ್ಲಿ ಬಾವಿಕಟ್ಟೆಯ ಹತ್ತಿರ ಬೆಳೆಯುವ ಅದೇ ಕೆಸು. ಫಿಜಿಯನ್ನರು ಇವರಿಂದ ರೊಟ್ಟಿ, ಪಲ್ಯ ಕಲಿತರು. ಇವರು ಅವರಿಂದ 'ಯಂಗೋನ' ಎಂಬ ಬೇರನ್ನು ಕುಟ್ಟಿ ಕದಡಿ ಕುಡಿಯುವುದನ್ನು ಕಲಿತರು. ಮದುವೆಮನೆಯಲ್ಲೂ ಸಾವಿನ ಮನೆಯಲ್ಲೂ ಮರದ ಬೋಗುಣಿಯ ಸುತ್ತ ಕೂತು, ಚಿಪ್ಪಿನಲ್ಲಿ ಅದನ್ನು ಹಂಚದೆ ಮಾತು ಮುಂದುವರಿಯದು.

ವಿಜ್ಞಾನ ಓದಿದವನ ಒಂದು ಚಪಲಕ್ಕೆ ಓದುಗರು ಕ್ಷಮಿಸಬೇಕು. ಫಿಜಿ ಇರುವುದು ಸುಮಾರು 18 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಪುಣೆ, ಹೈದರಾಬಾದು ಉತ್ತರಕ್ಕೆ ಎಷ್ಟು ದೂರವೋ ಅಷ್ಟೇ ದಕ್ಷಿಣಕ್ಕೆ. ಆದುದರಿಂದ ಸೆಕೆ, ಬೆಳೆ ಎಲ್ಲ ಪರಿಚಿತ. ಋತು ಮಾತ್ರ ತಿರುಗುಮುರುಗು. ಜುಲೈಯಲ್ಲಿ ಚಳಿ, ಸಂಕ್ರಾಂತಿಯಲ್ಲಿ ಕಡು ಸೆಕೆ ಮತ್ತು ಮಳೆ. ಇನ್ನು ಆಕಾಶ. ನಮ್ಮಲ್ಲಿ ಮದುವೆಯ ದಿನ ವಧೂವರರಿಗೆ ಧ್ರುವ, ಅರುಂಧತಿಯರನ್ನು ತೋರಿಸುತ್ತೇವಷ್ಟೆ. ಫಿಜಿಯಲ್ಲಿ ಅರುಂಧತಿ ಉತ್ತರ ದಿಗಂತದ ಹತ್ತಿರ, ವರ್ಷದ ಕೆಲವು ತಿಂಗಳು ಮಾತ್ರ, ತಗ್ಗಿನಲ್ಲಿ ಕಂಡಾಳು. ಧ್ರುವ ಯಾವ ಕಾಲಕ್ಕೂ ಕಾಣ. ಅವನು ಭೂಮಿಯ ಮರೆಗೆ ಹೋಗಿಬಿಟ್ಟಿದ್ದಾನೆ. ಅಚಲವಾಗಿರು ಎಂದು ಹರಸಲು ತೋರಿಸುವ ನಕ್ಷತ್ರವೇ ಇಲ್ಲದ ಆಕಾಶದ ಕೆಳಗೆ ಅವರು ಮದುವೆಗಳನ್ನು ಮಾಡಿ, ಸಂಸಾರ ನಡೆಸಿದರು.

ಇಷ್ಟೆಲ್ಲ ಉಳಿಸಿಕೊಂಡವರು ಕಳೆದುಕೊಂಡದ್ದು ಏನು? ಉತ್ತರದಿಂದ ಹೋದವರು ತಮ್ಮ ಅವಧಿ, ಭೋಜಪುರಿ ಇತ್ಯಾದಿ ನುಡಿಗಳನ್ನು ಕಲಸಿ ಲೈನುಗಳಲ್ಲೇ ಒಂದು ಹೊಸ ಹಿಂದಿ ಮಾಡಿಕೊಂಡರು. ಇಪ್ಪತ್ತನಾಲ್ಕು ವರ್ಷ ತಡವಾಗಿ ಬಂದ ದಕ್ಷಿಣದವರಿಗೆ ಆ ಹೊತ್ತಿಗೆ ಲೈನಿನ ಭಾಷೆ, ಸರ್ದಾರನ ಭಾಷೆ, ಅಂಗಡಿಯ ಭಾಷೆ ಎಲ್ಲವೂ ಅದೇ ಆಗಿತ್ತು. ಕಲಿಯದೆ ಗತ್ಯಂತರವಿರಲಿಲ್ಲ. ಮಕ್ಕಳು ಆಟವಾಡಿದ್ದು ಅದರಲ್ಲಿ. ಅವರನ್ನು ಎಚ್ಚರಿಸಲು 1926ರಲ್ಲಿ ನಂದಿ ಪಟ್ಟಣದಲ್ಲಿ ಸಾಧು ಕುಪ್ಪುಸ್ವಾಮಿ ಎಂಬವರು 'ತೆನ್ ಇಂಡಿಯಾ ಸನ್ಮಾರ್ಗ ಐಕ್ಯ ಸಂಗಂ' ಸ್ಥಾಪಿಸಿದರು. ಕಾಗುಣಿತದಲ್ಲಿ 'ನಾಡಿ' ಎಂದು ಬರೆದು 'ನಂದಿ' ಎಂದು ಓದುವ ಈ ಊರಿನ ಸುಬ್ರಹ್ಮಣ್ಯ ದೇವಸ್ಥಾನ, 1994ರಲ್ಲಿ ಹೊಸದಾಗಿ ಕಟ್ಟಿದ ಗೋಪುರದೊಡನೆ ಇಂದು ಪ್ರವಾಸಿಗಳಿಗೆಲ್ಲ ಪರಿಚಿತ. ಸಂಗಮದ ಕೋರಿಕೆಯಂತೆ ರಾಮಕೃಷ್ಣ ಮಿಷನ್ನಿನಿಂದ 1937ರಲ್ಲಿ ಸ್ವಾಮಿ ಅವಿನಾಶಾನಂದರು, 1939ರಲ್ಲಿ ಸ್ವಾಮಿ ರುದ್ರಾನಂದರು ಬಂದರು. ಶಾಲೆಗಳು ಎದ್ದವು, ತಮಿಳು ಪಾಠ ಶುರುವಾಯಿತು. ಸಂಗಮದ ಪಾಠ ತಮಿಳಿನದಾಯಿತು, ನಮಗೆ ತೆಲುಗು ಬೇಕು ಎಂದವರು 1941ರಲ್ಲಿ ಬೇರೆ ಆಂಧ್ರ ಸಂಗಮ ಮಾಡಿಕೊಂಡರು. ಸಂಘ ಎಂದಮೇಲೆ ಒಡೆಯುವುದೂ ಇದ್ದದ್ದೇ. ಈ ವಿಷಯದಲ್ಲಿ ನಮ್ಮ ಓದುಗರಿಗೆ ವಿವರಣೆ ಬೇಕಾಗಿಲ್ಲ.

ಸಂಗಮದ ಶಾಲೆಗಳು ಉಳಿದವು, ಗುಡಿ ಉಳಿಯಿತು, ಸುವದ ಹೋವೆಲ್ ರಸ್ತೆಯ ಗುಡಿಯಲ್ಲಿ ಕೆಂಡ ಹಾಯುವ ಸೇವೆ ಉಳಿಯಿತು. ಭಾಷೆ ಮಾತ್ರ ಮನೆಯಿಂದ ಹೊರಟುಹೋಯಿತು. ಶಾಲೆಯಲ್ಲಿ ವಾರಕ್ಕೆ ಕೆಲವು ಗಂಟೆ ಕಲಿಸಿದ ತಮಿಳು, ಮನೆಯಲ್ಲಿ ಅಮ್ಮ ಅಪ್ಪ ಪರಸ್ಪರ ಆಡದ ಮೇಲೆ ಎಲ್ಲಿ ನಿಂತೀತು? 2013ರ ಸಂವಿಧಾನದಲ್ಲಿ ಪ್ರಾಥಮಿಕ ಶಾಲೆಗಳಲ್ಲೆಲ್ಲ ಫಿಜಿಯನ್ ನುಡಿಯನ್ನೂ ಫಿಜಿ ಹಿಂದಿಯನ್ನೂ ಕಡ್ಡಾಯವಾಗಿ ಕಲಿಸಬೇಕೆಂದು ಬರೆದಿದ್ದಾರೆ. 2023ರಲ್ಲಿ ವಿಶ್ವ ಹಿಂದಿ ಸಮ್ಮೇಳನ ನಂದಿಯಲ್ಲೇ ನಡೆಯಿತು. ನರಕದ ಲೈನಿನಲ್ಲಿ ಹುಟ್ಟಿದ ಮಾತಿಗೆ ಇಂಥ ಗೌರವ ಬಂದದ್ದು ಸಂತೋಷವೇ. ತಮಿಳು ತೆಲುಗಿನ ಪಾಲಿಗೆ ಹೀಗಾಗಲಿಲ್ಲ.

ಇದನ್ನು ಓದುತ್ತಿದ್ದ ರಾತ್ರಿಯೇ ಊರಿನಿಂದ ನಮ್ಮ ಅಮ್ಮನ ಫೋನು ಬಂತು. ಏಳನೆಯ ತರಗತಿಯಲ್ಲಿದ್ದ ಮಗಳ ಕೈಗೆ ಕೊಟ್ಟೆವು. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಇವಳಿಗೆ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಜ್ಜಿಗೆ ಹಿಂದಿ ಬಾರದು. "ಹೂಂ ಹೂಂ" ಎನ್ನುತ್ತ ಇಬ್ಬರೂ ಮುಗಿಸಿದರು. ಗದರಿಸಬೇಕೆಂದಿದ್ದವನು ಯೋಚಿಸಿದೆ: ನಾನೂ ನನ್ನಾಕೆಯೂ ಹಾಲಿನ ಲೆಕ್ಕ, ಶಾಲೆಯ ಫೀಸು ಮಾತಾಡುವಾಗ ಎಷ್ಟು ಹಿಂದಿ ಸೇರಿಸುತ್ತೇವೆ? ನಮ್ಮನ್ನು ಯಾವ ಕುಲಂಬರನೂ ಕರಾರಿನಲ್ಲಿ ಕಟ್ಟಿ ತಂದಿರಲಿಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರಲು ಸರ್ಕಾರ ರಜೆಯನ್ನೂ ಕೊಡುತ್ತದೆ. ಆ ರಾತ್ರಿ ಗದರಿಸಲಿಲ್ಲ.

ರಾಜಕೀಯದ ವಿಚಾರ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1946ರ ಜನಗಣತಿಯ ಹೊತ್ತಿಗೆ ಭಾರತೀಯರ ಸಂಖ್ಯೆ ಮೂಲನಿವಾಸಿಗಳಿಗಿಂತ ಹೆಚ್ಚಾಗಿತ್ತು. ಭೂಮಿಯ ಬಹುಪಾಲು ಫಿಜಿಯನ್ ಕುಲಗಳದ್ದು, ಅದನ್ನು ಮಾರುವಂತಿಲ್ಲ. ಬೆವರು ಸುರಿಸುವವರು ಗೇಣಿದಾರರು. ಎರಡೂ ಕಡೆ ಅಂಜಿಕೆ, ಎರಡರಲ್ಲೂ ನ್ಯಾಯವಿತ್ತು. ಲಾರ್ಡ್ ಡೆನ್ನಿಂಗ್ ನೀಡಿದ ತೀರ್ಪು ಕಬ್ಬು ಬೆಳೆಗಾರರ ಪರವಾಗಿ ಬಂದಿತೆಂದು ಕಂಪನಿ 1973ರಲ್ಲಿ ಗಂಟುಮೂಟೆ ಕಟ್ಟಿತು. 1970ರಲ್ಲಿ ದೇಶ ಸ್ವತಂತ್ರವಾಗಿತ್ತು. 1987ರಲ್ಲಿ ಭಾರತೀಯರ ಬೆಂಬಲದ ಸರ್ಕಾರ ಬಂದು ತಿಂಗಳಾಗುವಷ್ಟರಲ್ಲಿ ಕರ್ನಲ್ ರಬುಕ ಬಂದೂಕು ಹಿಡಿದು ಅದನ್ನು ಉರುಳಿಸಿದ. ದಿನ ಮೇ 14. ಲಿಯೋನಿಡಾಸ್ ಲಂಗರು ಹಾಕಿದ ತಾರೀಖೇ. ನೂರ ಎಂಟು ವರ್ಷದ ಮೇಲೆ. 1976ರ ಕಾಯಿದೆಯ ಮೂವತ್ತು ವರ್ಷದ ಗೇಣಿಗಳು 1997ರಿಂದ ಮುಗಿಯತೊಡಗಿ, ಎಷ್ಟೋ ಸಂಸಾರಗಳು ಅಜ್ಜ ನೆಟ್ಟ ಮಾವಿನ ಮರವನ್ನು ಬಿಟ್ಟು ಪಟ್ಟಣದ ಅಂಚಿನ ಗುಡಿಸಲುಗಳಿಗೆ ಹೊರಟವು. 2000ದ ಮೇ ತಿಂಗಳಲ್ಲಿ ಪ್ರಧಾನಿ ಮಹೇಂದ್ರ ಚೌಧರಿಯವರನ್ನು ಸಂಸತ್ತಿನಲ್ಲೇ 56 ದಿನ ಒತ್ತೆಯಾಳಾಗಿ ಇಟ್ಟರು. ಓದಿದವರು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ಸೇರಿದರು. 2007ರ ಜನಗಣತಿಯಲ್ಲಿ ಭಾರತೀಯರು ಶೇಕಡ 37ರ ಸುಮಾರಿಗೆ ಇಳಿದಿದ್ದರು. ಬ್ರಿಜ್ ಲಾಲ್ ಅವರನ್ನೇ 2009ರಲ್ಲಿ ಅಂದಿನ ಸೈನಿಕ ಸರ್ಕಾರ ದೇಶದಿಂದ ಹೊರಗಟ್ಟಿತು. ತಾಯ್ನೆಲ ಕಾಣದೆ 2021ರಲ್ಲಿ ಅವರು ಆಸ್ಟ್ರೇಲಿಯಾದಲ್ಲಿ ತೀರಿಕೊಂಡರು. ಮತ್ತೆ ಪ್ರಧಾನಿಯಾಗಿ ಬಂದ ಅದೇ ರಬುಕ 2023ರ ಮೇ 14ರಂದು ಗಿರ್ಮಿಟಿಯಾಗಳ ಸಂತತಿಯವರೆದುರು 1987ರ ಕೃತ್ಯಕ್ಕಾಗಿ ಕ್ಷಮೆ ಕೇಳಿದರು. ಆ ವರ್ಷದಿಂದ ಗಿರ್ಮಿಟ್ ದಿನಕ್ಕೆ ಸಾರ್ವಜನಿಕ ರಜೆಯೂ ಆಯಿತು.

ಆ ದಿನದ ದಂಪತಿಗಳ ವಿಚಾರ ಬಾಕಿಯಿದೆ. ಪಾಸಿನ ಮೇಲೆ ಜಿಲ್ಲೆ ಉತ್ತರ ಆರ್ಕಾಟು ಎಂಬುದು ಸ್ಪಷ್ಟವಾಗಿತ್ತು. ತಾಲ್ಲೂಕನ್ನು ಹೇಗೋ ಓದಿದೆ. ಗ್ರಾಮದ ಹೆಸರಿನ ಮೇಲೆ ಮಸಿ ಹರಡಿತ್ತು. ಪಕ್ಕದ ಸೆಕ್ಷನ್ನಿನಲ್ಲಿ ವೆಲ್ಲೂರಿನ ಕಡೆಯ ಹಿರಿಯರೊಬ್ಬರಿದ್ದರು, ಅವರನ್ನು ಕರೆತಂದೆ. ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿ, ಆಂಗ್ಲ ಗುಮಾಸ್ತನ ಕಿವಿಗೆ ಏನು ಕೇಳಿಸಿರಬಹುದೆಂದು ನಾಲ್ಕಾರು ಬಗೆಯಲ್ಲಿ ತಾವೇ ಉಚ್ಚರಿಸಿ, ಎರಡು ಊರಿನ ಹೆಸರು ಬರೆದುಕೊಟ್ಟರು. ಎರಡರಲ್ಲಿ ಒಂದಿರಬೇಕು, ಎರಡಕ್ಕೂ ಹೋಗಿ ಬನ್ನಿ ಎಂದರು.

ಆತ ಚೀಟಿಯನ್ನು ಪಾಸಿನೊಳಗೆ ಮಡಚಿಟ್ಟುಕೊಂಡರು. ಆಕೆ ಅಷ್ಟು ಹೊತ್ತೂ ಸುಮ್ಮನಿದ್ದವರು, ಊರಿಗೆ ಹೋದಾಗ ಅಲ್ಲಿಯವರಿಗೆ ಮೊದಲು ಏನು ಹೇಳಬೇಕು ಎಂದು ಕೇಳಿದರು. ನಮ್ಮ ಹಿರಿಯರು ಸ್ವಲ್ಪ ಯೋಚಿಸಿ, "ನಾಂಗ ವಂದಿರುಕ್ಕೋಂ" ಎನ್ನಿ ಸಾಕು ಎಂದರು. ನಾವು ಬಂದಿದ್ದೇವೆ. ಆತ ಒಂದು ಸಲ ಹೇಳಿ ನೋಡಿದರು, ಸರಿಹೋಗಲಿಲ್ಲ. ಆಕೆ ಕೈಚೀಲದಿಂದ ಸಣ್ಣ ಪುಸ್ತಕ ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಲಿಫ್ಟಿನವರೆಗೂ ಅದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತ ಹೋದರು.